ತಂಡೇಲ ಹೇಳದೆ ಬಿದ್ದ ಲಂಗರು

ಮೀನಿನ ಬೋಟಿಗೆ ಹೆಂಗಸರು ಹತ್ತುವ ಕ್ರಮ ನಮ್ಮಲ್ಲಿ ಇಲ್ಲ. ಗಂಡಸರು ಕಡಲಿಗೆ ಹೋಗುವುದು, ನಾವು ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುವುದು. ನಮ್ಮವರು ಬೋಟು ನಡೆಸುವ ತಂಡೇಲ. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳು ಕಾಲೇಜಿಗೆ ಹೋಗುವವರೆಗೂ ಅವರ ಕೆಲಸವನ್ನು ನಾನು ಒಮ್ಮೆಯೂ ಕಣ್ಣಿನಿಂದ ನೋಡಿರಲಿಲ್ಲ. ನೋಡಿದ್ದು ಅವರು ತಂದ ಮೀನನ್ನು ಮಾತ್ರ. ಅವರು ಚುಕ್ಕಾಣಿ ಹಿಡಿದದ್ದನ್ನು ನಾನು ಕಂಡದ್ದು ಒಂದೇ ಒಂದು ಚಳಿಗಾಲ. ಅದು ಮುಗಿದ ದಿನವೂ ನಾನು ಅದೇ ಬೋಟಿನಲ್ಲಿದ್ದೆ. ಮುಗಿಸಿದ್ದು ನಾನೇ.

ಬೋಟು ಕಾರ್ಕಳದ ಒಬ್ಬ ಧನಿಗಳದ್ದು. ಗಲ್ಫಿನಲ್ಲಿ ಇಂಜಿನ್ ರಿಪೇರಿಯ ಕೆಲಸ ಮಾಡಿ, ಸಾಕೆಂದು ಊರಿಗೆ ಬಂದವರು. ಬಂದವರೇ ಒಂದು ಬಿಳಿ ಫೈಬರ್ ಬೋಟು ತಂದು ನಮ್ಮ ಊರು ಕೆಮ್ಮಣ್ಣಿನ ಹಿನ್ನೀರಿನಲ್ಲಿ ಕಟ್ಟಿದರು. ಹಿಂದೆ ಎರಡು ಇಂಜಿನ್, ನಡುವೆ ಸಣ್ಣ ಕೋಣೆ, ಅದರೊಳಗೆ ಒಂದು ಒಲೆ. ಕಡಲ ಬದಿಯಲ್ಲೇ ತೆಂಕಕ್ಕೂ ಬಡಗಕ್ಕೂ ಹೋಗಬೇಕು, ರಸ್ತೆ ಇಲ್ಲದ, ಮರಳು ಮತ್ತು ಕೇದಗೆ ಬಿಟ್ಟರೆ ಬೇರೇನೂ ಇಲ್ಲದ ದಂಡೆಗಳನ್ನು ನೀರಿನಿಂದ ನೋಡಬೇಕು ಎಂದು ಅವರಿಗೆ ಆಸೆ. ಇಂಜಿನ್ ಅವರ ಕೈಯಲ್ಲಿ ಆಡುತ್ತಿತ್ತು. ಕಡಲಿನ ಪರಿಚಯ ಇರಲಿಲ್ಲ. ಯಾರೋ ನಮ್ಮವರ ಹೆಸರು ಹೇಳಿದರಂತೆ, ಮನೆಗೆ ಬಂದರು.

"ತಂಡೇಲ್ರೆ, ನೀವು ನನ್ನೊಟ್ಟಿಗೆ ಬರ್ಬೇಕು. ಮೀನು ಹಿಡಿಯುವ ಕೆಲಸ ಇಲ್ಲ. ಸುಮ್ಮನೆ ತಿರುಗುವುದು."

ನಾನು ಚಹಾ ಕೊಡುವ ಮೊದಲೇ ಹೇಳಿಬಿಟ್ಟೆ. "ಇವರಿಗೆ ಮರೆವು ಉಂಟು. ಮಣಿಪಾಲದಲ್ಲಿ ತೋರಿಸಿ ಆಗಿದೆ. ಹೊಸದು ನಿಲ್ಲುವುದಿಲ್ಲ, ಹಳೆಯದು ಇನ್ನೂ ಸ್ವಲ್ಪ ಕಾಲ ಇರ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಮೊನ್ನೆ ಸಕ್ಕರೆ ತರ್ಲಿಕ್ಕೆ ಹೋದವರು, ಯಾವಾಗಲೋ ಮುಚ್ಚಿಹೋದ ಅಂಗಡಿಯ ಬಾಗಿಲಲ್ಲಿ ಕಾದು ಕೂತಿದ್ದರು. ಮತ್ತೆ ನಾನು ಹೇಳ್ಲಿಲ್ಲ ಅಂತ ಆಗಬಾರದು."

"ನನ್ನ ಮರೆವು ದೊಡ್ಡದಲ್ಲ ಧನಿಗಳೇ," ಎಂದರು ಇವರು. "ಇವಳು ಸಾರಿಗೆ ಉಪ್ಪು ಹಾಕ್ಲಿಕ್ಕೆ ಮರೆಯುವುದಕ್ಕಿಂತ ಸ್ವಲ್ಪ ಕಡಿಮೆ."

ಧನಿಗಳು ಒಂದು ದಿನ ಇವರನ್ನು ಪರೀಕ್ಷೆಗೆಂದು ಬೋಟಿನಲ್ಲಿ ಕರೆದುಕೊಂಡು ಹೋದರು. ತಿರುಗಿ ಬಂದಾಗ ಧನಿಗಳ ಮುಖವೇ ಬೇರೆಯಾಗಿತ್ತು. "ಅಕ್ಕ, ನೀರಿನ ಮೇಲೆ ಅವರಿಗೆ ಎಂತದೂ ಆಗಿಲ್ಲ. ಆದರೂ ನೀವು ಹೇಳಿದ್ದನ್ನು ನಾನು ಬಿಟ್ಟು ಹಾಕುವುದಿಲ್ಲ. ನೀವೂ ಬನ್ನಿ. ಅಡಿಗೆಗೆ ಒಬ್ಬರು ಬೇಕು, ಅವರ ಮೇಲೆ ಒಂದು ಕಣ್ಣೂ ಇರ್ತದೆ."

"ಬೋಟಿಗೆ ಹೆಂಗಸಾ?" ಎಂದರು ಇವರು.

"ಇದು ಮೀನಿನ ಬೋಟಲ್ಲ ತಂಡೇಲ್ರೆ, ತಿರುಗಾಟದ್ದು."

ಇವರು ಸ್ವಲ್ಪ ಯೋಚಿಸಿದರು. "ತಿರುಗಾಟದ್ದಾದರೆ ಯಾರು ಬೇಕಾದರೂ ಹತ್ತಬಹುದು. ಬಸ್ಸಿನ ಹಾಗೆ," ಎಂದರು. ನನಗೆ ಅಷ್ಟು ಸಾಕಿತ್ತು.

ಕೆಲಸ ಕಲಿಯಲು ಸ್ವಲ್ಪ ಸಮಯ ಹಿಡಿಯಿತು. ನನಗೆ ಅಡಿಗೆಯ ಜೊತೆ ಲಂಗರಿನ ಕೆಲಸವನ್ನೂ ಕೊಟ್ಟರು. ಬೋಟಿನ ಮೂತಿಯಲ್ಲಿ ಹಗ್ಗ ಸುರುಳಿ ಸುತ್ತಿ ಇಡಬೇಕು. ಸುರುಳಿ ತಪ್ಪಿದರೆ ಹಗ್ಗ ಕಾಲಿಗೆ ಸಿಕ್ಕಿ ಲಂಗರಿನ ಹಿಂದೆ ನಾವೂ ಹೋಗುತ್ತೇವೆ. ಇವರು ಮೊದಲು ಗುಂಡು ಕಟ್ಟಿದ ಹಗ್ಗ ಇಳಿಸಿ ಎಷ್ಟು ಮಾರು ನೀರಿದೆ ಎಂದು ಕೈಚಾಚಿ ಅಳೆಯುತ್ತಿದ್ದರು. ನಾನು ಲಂಗರು ಎತ್ತಿ ಹಿಡಿದು "ಬಿಡಲಾ?" ಎಂದು ಕೇಳಬೇಕು. ಅವರು "ಬಿಡು" ಎಂದ ಮೇಲೆಯೇ ಬಿಡಬೇಕು. ಮೊದಲ ವಾರ ಒಮ್ಮೆ ಕೈ ಸೋತು, ಕೇಳದೆಯೇ ಬಿಟ್ಟೆ. ಬೋಟು ಸರಿಯಾದ ಜಾಗದಲ್ಲೇ ನಿಂತಿತು. ಆದರೂ ಇವರು ಚುಕ್ಕಾಣಿ ಬಿಟ್ಟು ನನ್ನ ಹತ್ತಿರ ಬಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಹೇಳುತ್ತಿದ್ದೆ.

"ನೋಡು ಮಾರಾಯ್ತಿ, ತಂಡೇಲ ಹೇಳದೆ ಲಂಗರು ಬಿದ್ದರೆ ಆ ಬೋಟಿಗೆ ತಂಡೇಲ ಇಲ್ಲ ಅಂತ ಅರ್ಥ. ಸತ್ತಿದ್ದಾನೆ, ಇಲ್ಲ ನೀರಿಗೆ ಬಿದ್ದಿದ್ದಾನೆ. ದಂಡೆಯಲ್ಲಿ ಇದ್ದವರಿಗೂ ಅದೇ ತಿಳಿಯುವುದು. ನಾನು ಇನ್ನೂ ಇದ್ದೇನಲ್ಲ?"

ಆ ಮೇಲೆ ನಾನು ಕೇಳದೆ ಬಿಡಲಿಲ್ಲ.

ಅವರನ್ನು ನೋಡುವುದೇ ನನಗೊಂದು ಕೆಲಸವಾಗಿಬಿಟ್ಟಿತ್ತು. ಮನೆಯಲ್ಲಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುವ ಮನುಷ್ಯ. ಊಟ ಮಾಡಿ ಕೈ ತೊಳೆದು, ಊಟಕ್ಕೆ ಎಂತ ಉಂಟು ಎಂದು ಕೇಳುವ ಮನುಷ್ಯ. ಜೆಟ್ಟಿಯಿಂದ ಬೋಟಿಗೆ ಕಾಲಿಟ್ಟ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. ನಮ್ಮ ಹೊಳೆ ಕಡಲು ಸೇರುವ ಬಾಯಿಯನ್ನು ಅಳಿವೆ ಎನ್ನುತ್ತೇವೆ. ಅಲ್ಲಿ ಇಂಜಿನ್ ಸಣ್ಣಗೆ ಮಾಡಿ ನಿಲ್ಲುತ್ತಿದ್ದರು. ದೊಡ್ಡ ತೆರೆಗಳು ಒಂದರ ಹಿಂದೆ ಒಂದು ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಆ ದೊಡ್ಡದರ ಕೊನೆಯದ್ದು ಯಾವುದು ಎಂದು ತಿಳಿಯಬೇಕು. ಇವರು ಕಣ್ಣು ಸಣ್ಣದು ಮಾಡಿ, ತುಟಿಯಲ್ಲೇ ಏನೋ ಎಣಿಸಿ, ಒಮ್ಮೆಲೇ ಇಂಜಿನ್ ತೆರೆಯುತ್ತಿದ್ದರು. ಬೋಟಿನ ಮೂತಿ ಆಕಾಶಕ್ಕೆ ಎದ್ದು, ಮೆತ್ತಗೆ ಆಚೆ ಕೂರುತ್ತಿತ್ತು. ಒಂದು ಚೊಂಬು ನೀರೂ ಚೆಲ್ಲುತ್ತಿರಲಿಲ್ಲ.

ಒಳಗೆ ಬರುವುದು ಹೋಗುವುದಕ್ಕಿಂತ ಕಷ್ಟ ಎಂದು ಅವರೇ ನನಗೆ ತಿಳಿಸಿ ಹೇಳಿದರು. ಒಂದು ತೆರೆಯ ಬೆನ್ನ ಮೇಲೆ ಕೂತು ಅದರ ಜೊತೆಗೇ ಒಳಗೆ ಬರಬೇಕು. ಮುಂದೆ ಹೋಗಬಾರದು, ಹಿಂದೆ ಉಳಿಯಬಾರದು. ಹೊರಟ ಮೇಲೆ ನಡುವೆ ನಿಲ್ಲಿಸಲಿಕ್ಕಿಲ್ಲ. ನಿಲ್ಲಿಸಿದರೆ ಹಿಂದಿನ ತೆರೆ ಬೋಟನ್ನು ಅಡ್ಡ ತಿರುಗಿಸಿ ಮಗುಚುತ್ತದೆ. "ಒಳಗೆ ಬರುವವ ಮೊದಲೇ ಸರಿಯಾಗಿ ನೋಡಿಕೊಳ್ಳಬೇಕು. ಮತ್ತೆ ನೋಡ್ಲಿಕ್ಕೆ ಸಮಯ ಇಲ್ಲ."

ನಾನು ಆ ಚಳಿಗಾಲ ಒಂದು ಮರುಳು ಮಾತು ನಂಬಿಕೊಂಡಿದ್ದೆ. ನೆಲದ ಮೇಲೆ ಹೋದದ್ದು ಹೋಗಲಿ, ನೀರಿನ ಮೇಲೆ ಇವರ ತಲೆ ಹೋಗುವುದಿಲ್ಲ, ಕಡಲು ಹಿಡಿದುಕೊಂಡಿದೆ ಎಂದು. ಮಣಿಪಾಲದ ಡಾಕ್ಟರಿಗೂ ಹಾಗೇ ಹೇಳಿದೆ. ಅವರು ಚಿಕ್ಕ ಪ್ರಾಯದವರು. ಇಲ್ಲ ಎನ್ನಲಿಲ್ಲ. "ಎಷ್ಟು ದಿನ ಆಗ್ತದೋ ಅಷ್ಟು ದಿನ ಹೋಗ್ಲಿ ಅಜ್ಜಿ, ಒಬ್ಬರೇ ಬೇಡ," ಎಂದರು.

ಧನಿಗಳ ಹೆಂಡತಿಯ ತವರು ಕಾಪುವಿನಿಂದಲೂ ತೆಂಕಕ್ಕೆ, ಒಂದು ಹೊಳೆಯ ದಂಡೆಯಲ್ಲಿ. ಅವರ ಅಜ್ಜನ ಕಾಲದಲ್ಲಿ ನೆಂಟರು ದೋಣಿಯಲ್ಲೇ ಬಂದು ಅಂಗಳದ ಮೆಟ್ಟಿಲಲ್ಲಿ ಇಳಿಯುತ್ತಿದ್ದರಂತೆ. ತಾನೂ ಒಮ್ಮೆ ಹಾಗೆ ತವರಿಗೆ ಹೋಗಬೇಕು ಎಂದು ಅವರು ಹಠ ಹಿಡಿದರು. "ಕಾರಿನಲ್ಲಿ ಹೋದರೆ ಬೇಗ ಆಗ್ತದಲ್ಲ," ಎಂದರು ಧನಿಗಳು. "ಕಾರಿನಲ್ಲಿ ಹೋದರೆ ನಮ್ಮ ಅತ್ತಿಗೆ ಎದ್ದು ಬಾಗಿಲಿಗೂ ಬರುವುದಿಲ್ಲ. ಬೋಟಿನಲ್ಲಿ ಹೋದರೆ ಊರೇ ಬರ್ತದೆ," ಎಂದರು ಅವರು. ಇವರನ್ನು ಕೇಳಿದರೆ, ಆ ಅಳಿವೆ ನನಗೆ ಮನೆಬಾಗಿಲಿದ್ದ ಹಾಗೆ, ಪ್ರಾಯದಲ್ಲಿ ದಿನಾ ಹೊಕ್ಕಿದ್ದೇನೆ ಎಂದರು. ನಾವು ನಾಲ್ವರೂ ಬೆಳಿಗ್ಗೆ ಮೂಡಣ ಗಾಳಿ ಇರುವಾಗಲೇ ಹೊರಟೆವು.

ನಮ್ಮ ಅಳಿವೆ ಸಲೀಸಾಗಿ ದಾಟಿತು. ಮಲ್ಪೆಯ ದ್ವೀಪಗಳು ಬಲಕ್ಕೆ ಉಳಿದವು. ಎಡಕ್ಕೆ ಉದ್ದಕ್ಕೂ ಮರಳು, ತೆಂಗು, ಒಣಗಲು ಹಾಕಿದ ಬಲೆ, ಮತ್ತೆ ಮರಳು. ಆ ದಂಡೆಯಲ್ಲಿ ನಾನು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಿರುಗಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯವಳು ಬಂಗುಡೆಯ ಕಿವಿ ಎತ್ತಿ ಎತ್ತಿ ನೋಡಿ ಕೊನೆಗೆ ಕೊಳ್ಳುವುದಿಲ್ಲ, ಎಲ್ಲ ಗೊತ್ತು. ನೀರಿನಿಂದ ನೋಡುವಾಗ ಅದೇ ಊರು ನನಗೆ ಗುರುತು ಸಿಗಲಿಲ್ಲ. ಇವರಿಗೆ ಅಲ್ಲಿಂದಲೇ ಗುರುತು. ಒಂದೊಂದೇ ತೋರಿಸಿದರು.

ಕಾಪುವಿನ ದೀಪಸ್ತಂಭದ ಹತ್ತಿರ ನೀರಿನೊಳಗೆ ಕಲ್ಲುಗಳಿವೆ. ಬೋಟಿನಲ್ಲಿ ನೀರಿನ ಆಳವನ್ನೂ ದಂಡೆಯನ್ನೂ ತೋರಿಸುವ ಒಂದು ಪರದೆ ಇತ್ತು. ಧನಿಗಳು ಅದನ್ನೇ ನೋಡುತ್ತಿದ್ದರು. ಇವರು ಹೆಗಲ ಮೇಲಿನ ಬೈರಾಸನ್ನು ಅದರ ಮೇಲೆ ಹೊದಿಸಿದರು.

"ಅದು ಬೇಕಲ್ಲ ತಂಡೇಲ್ರೆ."

"ಸಿನಿಮಾ ಮತ್ತೆ ನೋಡುವ. ಈಗ ಹೊರಗೆ ನೋಡಿ. ದೀಪಸ್ತಂಭದ ಬುಡ ಕಂಡರೆ ನಾವು ಕಲ್ಲಿನ ಮೇಲೆ. ಬುಡ ಬಂಡೆಯ ಹಿಂದೆ ಅಡಗಿಯೇ ಇರಬೇಕು."

ಹಾಗೇ ನಡೆಸಿದರು. ಬಲಬದಿಯಲ್ಲಿ ನೀರು ಒಮ್ಮೆ ಕಪ್ಪಗೆ ಸುರುಳಿ ಸುತ್ತಿ ಒಡೆಯಿತು, ನಾವು ಅದರ ಈಚೆ ನುಣ್ಣಗೆ ಬಂದೆವು. ಧನಿಗಳ ಹೆಂಡತಿ ಕೈಮುಗಿದರು. ಅಲ್ಲಿ ಲಂಗರು ಹಾಕಿ, ನಾನು ಮಾಡಿದ ನೀರುದೋಸೆ ತಿಂದೆವು. ಇವರು ಮೊದಲ ತುಂಡನ್ನು ಕಡಲಿಗೆ ಹಾಕಿದರು. ನನ್ನ ಕಡೆ ನೋಡಿ, "ಉಪ್ಪು ಸರಿ ಉಂಟು," ಎಂದರು. ಮದುವೆಯಾದ ಮೇಲೆ ಅದನ್ನು ಅವರು ಹೇಳಿದ್ದು ಅದೇ ಮೊದಲು. ಬೇಕೆಂದೇ ಹೇಳಿದ್ದೋ, ಉಪ್ಪಿನ ಜಗಳವನ್ನೇ ಮರೆತು ಹೇಳಿದ್ದೋ, ನನಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ತೆಂಕಕ್ಕೆ ಈಚಿನ ವರ್ಷಗಳಲ್ಲಿ ಇವರು ಹೋದದ್ದೇ ಇಲ್ಲ. ಅದು ನನಗೂ ಹೊಳೆಯಲಿಲ್ಲ, ಧನಿಗಳಿಗೂ ಹೊಳೆಯಲಿಲ್ಲ. ನಮ್ಮ ಅಳಿವೆಯನ್ನು ಅವರು ದಿನಾ ನೋಡುತ್ತಿದ್ದರು. ದ್ವೀಪ ಜಾಗ ಬಿಡುವುದಿಲ್ಲ, ಕಲ್ಲು ಜಾಗ ಬಿಡುವುದಿಲ್ಲ. ಮರಳಿನ ಅಳಿವೆ ಹಾಗಲ್ಲ. ಮಳೆಗಾಲ ಬಂದು ಹೋದ ಹಾಗೆ ಬಾಯಿ ಒಂದು ಕಡೆ ಮುಚ್ಚುತ್ತದೆ, ಇನ್ನೊಂದು ಕಡೆ ತೆರೆಯುತ್ತದೆ.

ಹೊಳೆಯ ಊರು ಹತ್ತಿರವಾದಾಗ ಇವರು ಬೋಟನ್ನು ದಂಡೆಯ ಕಡೆ ತಿರುಗಿಸಿದರು. ನಾನು ಮೂತಿಯಲ್ಲಿ ಲಂಗರಿನ ಹತ್ತಿರ ಕೂತಿದ್ದೆ. ಮುಂದೆ ಬಿಳಿ ತೆರೆ ಉದ್ದಕ್ಕೂ ಒಡೆಯುತ್ತಿತ್ತು. ಎಲ್ಲಿಯೂ ದಾರಿ ಇದ್ದ ಹಾಗೆ ನನಗೆ ಕಾಣಲಿಲ್ಲ. ನನಗೆ ಕಾಣದಿದ್ದರೆ ಅದೇನು ದೊಡ್ಡದಲ್ಲ, ನಾನು ತಂಡೇಲಳಲ್ಲ.

ಧನಿಗಳು ಬೈರಾಸಿನ ಮೂಲೆ ಎತ್ತಿ ಪರದೆ ನೋಡಿದರು. "ತಂಡೇಲ್ರೆ, ಇದರಲ್ಲಿ ಅಳಿವೆ ಇನ್ನೂ ತೆಂಕಕ್ಕೆ ತೋರಿಸ್ತದೆ."

"ಅದು ತೋರಿಸಲಿ. ಅಲ್ಲಿ ನೋಡಿ, ಹಂಚಿನ ಕಾರ್ಖಾನೆಯ ಚಿಮಣಿ. ಅದು ಆ ಎರಡು ತಾಳೆಮರದ ನಡುವೆ ಬಂದ ಕೂಡಲೇ ಒಳಗೆ ಹೊಕ್ಕುವುದು. ನನ್ನ ಅಪ್ಪ ಹೇಳಿಕೊಟ್ಟ ಗುರುತು."

ಧನಿಗಳು ನೋಡಿದರು. ಅವರಿಗೆ ಆ ಊರು ಗೊತ್ತಿಲ್ಲ, ಯಾವುದನ್ನು ಹುಡುಕುವುದು ಎಂದು ಅವರಿಗೆ ಹೇಗೆ ತಿಳಿಯಬೇಕು. ಅವರ ಹೆಂಡತಿ ಕೋಣೆಯೊಳಗೆ ಅತ್ತಿಗೆಗೆ ಫೋನು ಮಾಡಿ, ಮೆಟ್ಟಿಲ ಹತ್ತಿರ ಬಂದು ನಿಲ್ಲಿ ಎನ್ನುತ್ತಿದ್ದರು.

ನನಗೆ ಆ ಕಾರ್ಖಾನೆ ಗೊತ್ತಿತ್ತು. ಅದರ ಗೇಟಿನಲ್ಲಿ ಕೂತು ನಾನು ಮೀನು ಮಾರಿದ್ದೇನೆ. ಚಿಮಣಿಯನ್ನು ಕೆಡವಿದ ದಿನವೂ ಅಲ್ಲೇ ಇದ್ದೆ, ಬುಟ್ಟಿಯ ಮೀನಿಗೆಲ್ಲ ಕೆಂಪು ಧೂಳು ಬಿದ್ದು ತೊಳೆಯುವಷ್ಟರಲ್ಲಿ ಸಾಕಾಗಿತ್ತು. ದೊಡ್ಡ ಮಗಳ ಮದುವೆಗೂ ಮೊದಲಿನ ಮಾತು. ತಾಳೆಮರಗಳನ್ನು ಕಡಲು ಕೊರೆದು ಯಾವತ್ತೋ ಕೊಂಡುಹೋಗಿದೆ. ಈಗ ಅಲ್ಲಿ ಇದ್ದದ್ದು ಒಂದು ಮೊಬೈಲ್ ಟವರ್, ಮತ್ತೆ ತೆಂಗಿನ ತೋಟ.

ತಿರುಗಿ ಇವರ ಮುಖ ನೋಡಿದೆ. ತಪ್ಪು ಮಾಡುವವರ ಮುಖ ಅಲ್ಲ ಅದು. ಕಣ್ಣು ಸಣ್ಣದು ಮಾಡಿ, ನಮ್ಮ ಅಳಿವೆಯಲ್ಲಿ ನೋಡುತ್ತಿದ್ದ ಹಾಗೇ ನೋಡುತ್ತಿದ್ದರು. ಇಲ್ಲದ ಚಿಮಣಿ ಇಲ್ಲದ ಮರಗಳ ನಡುವೆ ಬರುವುದನ್ನು ಕಾಯುತ್ತಿದ್ದರು.

"ನೋಡಿ, ಆ ಚಿಮಣಿ ಈಗ ಇಲ್ಲ," ಎಂದೆ. "ಕೆಡವಿ ಎಷ್ಟೋ ವರ್ಷ ಆಯ್ತು. ನಾನೇ ನೋಡಿದ್ದೇನೆ."

"ನೀನು ನೆಲದಿಂದ ನೋಡಿದ್ದು. ನೆಲದಿಂದ ಕಾಣುವುದೇ ಬೇರೆ."

"ಯಾವ ಕಡೆಯಿಂದ ನೋಡಿದರೂ ಇಲ್ಲದ್ದು ಇಲ್ಲ."

"ಸುಮ್ಮನೆ ಕೂರು ಮಾರಾಯ್ತಿ. ತೆರೆ ಎಣಿಸ್ಲಿಕ್ಕೆ ಬಿಡು."

ಇಂಜಿನ್ ಸಣ್ಣಗಾಯಿತು. ಬೋಟು ತೆರೆಗಳ ಹೊರಗೆ ಏಳುತ್ತ ಇಳಿಯುತ್ತ ನಿಂತಿತು. ಇವರ ತುಟಿ ಅಲುಗಲು ಶುರುವಾಯಿತು. ದೊಡ್ಡ ತೆರೆಗಳು ನಮ್ಮ ಅಡಿಯಿಂದ ಹಾದು ಮುಂದೆ ಹೋಗಿ ಒಡೆಯುತ್ತಿದ್ದವು. ಕೊನೆಯದ್ದು ಹೋದ ಕೂಡಲೇ ಇಂಜಿನ್ ತೆರೆಯುತ್ತಾರೆ. ತೆರೆದ ಮೇಲೆ ನಿಲ್ಲಿಸಲಿಕ್ಕಿಲ್ಲ. ಧನಿಗಳು ನನ್ನನ್ನು ನೋಡಿದರು. ಅವರ ಕೈ ಚುಕ್ಕಾಣಿಯ ಹತ್ತಿರ ಹೋಗಿ ಹಿಂದೆ ಬಂತು. ಅಷ್ಟು ದಿನ ತಂಡೇಲ್ರೆ ಎಂದು ಕರೆದ ಮನುಷ್ಯನನ್ನು ಹೆಂಡತಿಯಾದ ನನ್ನ ಎದುರು ಪಕ್ಕಕ್ಕೆ ತಳ್ಳಲು ಅವರಿಂದ ಆಗಲಿಲ್ಲ. ಒಳ್ಳೆಯವರಿಗೆ ಅದು ಆಗುವುದಿಲ್ಲ. ತಳ್ಳಿದ್ದರೆ ಇವರು ಬಿಡುತ್ತಿರಲೂ ಇಲ್ಲ, ಆ ಎಳೆದಾಟದಲ್ಲಿ ಬೋಟು ಎಲ್ಲಿಗೆ ಹೋಗುತ್ತಿತ್ತೋ.

ಇನ್ನು ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಅವರ ಮೈಗೆ ಯಾರೂ ಕೈ ಹಾಕಬಾರದು, ಅಷ್ಟು ಮಾತ್ರ ನನ್ನ ತಲೆಯಲ್ಲಿತ್ತು. ನನ್ನ ಕೈಗೆ ಸಿಗುವಂಥದ್ದು ಒಂದೇ ಇತ್ತು. ಎದ್ದೆ. ಸುರುಳಿ ಕಾಲಿನಿಂದ ದೂರ ಉಂಟಾ ಎಂದು ನೋಡಿಕೊಂಡೆ. ಲಂಗರು ಎತ್ತಿದೆ. ಬಿಡಲಾ ಎಂದು ಕೇಳಲಿಲ್ಲ. ಬಿಟ್ಟೆ.

ಲಂಗರಿಗೆ ಕಟ್ಟಿದ ಸರಪಳಿ ಬೋಟಿನ ಅಂಚಿಗೆ ಉಜ್ಜಿ ಹೋದ ಸದ್ದಿಗೆ ಇವರ ಎಣಿಕೆ ನಿಂತಿತು. ಲಂಗರು ಮರಳು ಕಚ್ಚಿತು. ಬೋಟು ನಿಧಾನಕ್ಕೆ ತಿರುಗಿ ಮೂತಿಯನ್ನು ಕಡಲಿಗೆ ಮಾಡಿತು. ಇವರು ಇಂಜಿನ್ ಆರಿಸಿದರು. ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮುಂದೆ ಬಂದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ನನ್ನನ್ನು ನೋಡಲಿಲ್ಲ. ಹಗ್ಗದ ಮೇಲೆ ಕೈ ಇಟ್ಟು ಬಿಗಿ ನೋಡಿದರು.

"ಇಷ್ಟು ಸಾಲದು. ಇನ್ನೆರಡು ಮಾರು ಬಿಡು."

ಬಿಟ್ಟೆ. ಗಂಟನ್ನು ಅವರೇ ಹಾಕಿದರು. ಆಮೇಲೆ ತಲೆ ಎತ್ತಿ ದಂಡೆಯ ಕಡೆ ನೋಡಿದರು. ಆ ದೊಡ್ಡ ತೆರೆಗಳು ಮುಗಿದು ನೀರು ಹಿಂದಕ್ಕೆ ಎಳೆದಿತ್ತು. ನಾವು ಹೊಗಬೇಕಾಗಿದ್ದ ಜಾಗದಲ್ಲಿ ಮರಳಿನ ಬೆನ್ನು ಹೊರಗೆ ಬಂದಿತ್ತು. ಅದರ ಮೇಲೆ ಕಡಲಹಕ್ಕಿಗಳ ಹಿಂಡು, ಎಲ್ಲ ಒಂದೇ ಕಡೆಗೆ ಮುಖ ಮಾಡಿ.

ಅವರು ಬಹಳ ಹೊತ್ತು ನೋಡಿದರು.

"ಹಕ್ಕಿಗಳು ನಿಂತಿವೆ," ಎಂದರು.

"ಹೌದು," ಎಂದೆ.

"ಅವಕ್ಕೆ ಕಾಲಿಗೆ ನೆಲ ಉಂಟು."

ತಲೆಗೆ ಕಟ್ಟಿದ್ದ ಮುಂಡಾಸು ಬಿಚ್ಚಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಐಸ್ ಪೆಟ್ಟಿಗೆಯ ಮೇಲೆ ಕೂತರು. ಬಸ್ಸಿಗೆ ಕಾಯುವವರು ಕೂರುವ ಹಾಗೆ.

ಧನಿಗಳು ಹತ್ತಿರ ಬಂದು ಬಗ್ಗಿ ಕೇಳಿದರು. "ತಂಡೇಲ್ರೆ, ಚುಕ್ಕಾಣಿ ನಾನು ಹಿಡೀತೇನೆ. ಹೇಗೆ ಹೋಗುವುದು, ಹೇಳಿ. ಕಾಪುವಿನ ಕಲ್ಲು ದಾಟ್ಲಿಕ್ಕೆ ನೀವೇ ಬೇಕು."

"ಅವಳನ್ನು ಕೇಳಿ," ಎಂದರು ಇವರು.

ನನಗೆ ಏನು ಗೊತ್ತು. ಕಲ್ಲಿಗೆ ಹೆದರಿ ಧನಿಗಳು ಬಹಳ ಪಡುವಣಕ್ಕೆ, ದೀಪಸ್ತಂಭ ಕಡ್ಡಿಯಷ್ಟು ಕಾಣುವ ದೂರದಿಂದ ಬೋಟು ತಂದರು. ಹೊರಡುವ ಮೊದಲು ಲಂಗರು ಎತ್ತುವಾಗ ಅಭ್ಯಾಸದಿಂದ ಇವರ ಕಡೆ ತಿರುಗಿ "ಎತ್ತಲಾ?" ಎಂದುಬಿಟ್ಟಿದ್ದೆ. ಇವರು ನೀರು ನೋಡುತ್ತಿದ್ದರು. ಧನಿಗಳೇ "ಎತ್ತಿ ಅಕ್ಕ," ಎಂದರು.

ಧನಿಗಳ ಹೆಂಡತಿ ತವರಿಗೆ ಮತ್ತೆ ಫೋನು ಮಾಡಿದರು. "ಗಾಳಿ ಜೋರು ಉಂಟು, ಇವತ್ತು ಬರ್ಲಿಕ್ಕೆ ಆಗುವುದಿಲ್ಲ," ಎಂದರು. ಇವರ ಮಾನ ಉಳಿಸಲಿಕ್ಕೆ ಹೇಳಿದ್ದು. ಇವರಿಗೆ ಕೇಳಿಸಿತು. ಒಂದು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, "ಗಾಳಿ ಎಲ್ಲಿ ಉಂಟು," ಎಂದರು.

ಜೆಟ್ಟಿಯಲ್ಲಿ ಇಳಿಯುವಾಗ ಧನಿಗಳು ಇವರ ಕೈ ಹಿಡಿದರು. ಅಲ್ಲಿಯವರೆಗೆ ಇವರು ಬೋಟಿನಿಂದ ಇಳಿಯಲು ಯಾರ ಕೈಯನ್ನೂ ಹಿಡಿದವರಲ್ಲ. ಆ ದಿನ ಹಿಡಿದುಕೊಂಡರು.

ರಾತ್ರಿ ಕಳೆದರೆ ಮರೆತುಬಿಡುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ಬೇರೆಲ್ಲವನ್ನೂ ಮರೆಯುತ್ತಿದ್ದರಲ್ಲ. ಬೆಳಿಗ್ಗೆ ಎದ್ದು, ಇವತ್ತು ಯಾವ ಕಡೆಗೆ ಹೋಗುವುದು ಎಂದು ಕೇಳುತ್ತಾರೆ, ಗಾಳಿ ಉಂಟು, ನಾಳೆ ನೋಡುವ ಎನ್ನುತ್ತೇನೆ, ಹಾಗೇ ದಿನ ಹೋಗುತ್ತದೆ ಎಂದು ಸುಳ್ಳನ್ನೂ ತಯಾರಿಸಿ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ. ಅವರು ಕೇಳಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ಜೆಟ್ಟಿಯ ದಾರಿಗೆ ಕಾಲಿಡಲಿಲ್ಲ. ಧನಿಗಳು ಎರಡು ಸಲ ಬಂದರು. "ಸುಮ್ಮನೆ ಕೂತು ಬರುವ ತಂಡೇಲ್ರೆ," ಎಂದರು. ಇವರು ಅವರ ಮುಖ ನೋಡಿ, ತಂಡೇಲ್ರೆ ಎಂದು ಕರೆದದ್ದು ಯಾರನ್ನು ಎಂಬ ಹಾಗೆ ಹಿಂದೆ ತಿರುಗಿ ನೋಡಿದರು.

ಹೊಸದು ನಿಲ್ಲುವುದಿಲ್ಲ ಎಂದಿದ್ದರು ಮಣಿಪಾಲದ ಡಾಕ್ಟರು. ಮೊಮ್ಮಗಳ ಹೆಸರು ನಿಲ್ಲಲಿಲ್ಲ. ಊಟ ಮಾಡಿದ್ದು ನಿಲ್ಲುವುದಿಲ್ಲ. ಆ ಲಂಗರು ಬಿದ್ದದ್ದೊಂದು ನಿಂತಿತು. ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಏನೂ ಬರೆದುಕೊಳ್ಳಲಿಲ್ಲ.

ನಾನು ಮಾಡಿದ್ದು ಸರಿ. ಮಾಡದಿದ್ದರೆ ನಾಲ್ಕು ಜನ ಆ ಮರಳಿನ ಮೇಲೆ ಹೋಗುತ್ತಿದ್ದೆವು. ಇನ್ನೊಮ್ಮೆ ಹಾಗಾದರೂ ಅದನ್ನೇ ಮಾಡುತ್ತೇನೆ. ಆದರೆ ನನ್ನ ಗಂಡನ ಕೆಲಸ ಎಂಥದ್ದು ಎಂದು ನೋಡಲು ನನಗೆ ಸಿಕ್ಕಿದ್ದು ಅಷ್ಟೇ ದಿನ.

ನಮ್ಮ ಬಾವಿಗೆ ಪಂಪು ಉಂಟು. ಕರೆಂಟು ಹೋದಾಗ ಮಾತ್ರ ಹಗ್ಗ ಕೊಡಪಾನ. ಮೊನ್ನೆ ಬೆಳಿಗ್ಗೆ ಕರೆಂಟು ಇರಲಿಲ್ಲ. ನಾನು ಬೂದಿ ಹಚ್ಚಿ ಪಾತ್ರೆ ತೊಳೆಯುತ್ತಿದ್ದೆ. ಇವರು ತಾವೇ ಎದ್ದು ಬಾವಿಕಟ್ಟೆಗೆ ಹೋದರು. ಹಗ್ಗವನ್ನು ಅಂಗಳದಲ್ಲಿ ಸುರುಳಿ ಸುತ್ತಿದರು, ಒಂದು ಸುತ್ತೂ ತಪ್ಪದ ಹಾಗೆ. ಕಾಲಿನಿಂದ ದೂರ ಇಟ್ಟರು. ಕೊಡಪಾನವನ್ನು ಎತ್ತಿ ಬಾವಿಯ ಮೇಲೆ ಹಿಡಿದರು. ಹಿಡಿದವರು ಹಾಗೇ ನಿಂತರು.

ಎಂತ ಆಯ್ತು ಎಂದು ನಾನು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಬಿಡಲಾ?" ಎಂದರು.

ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡೆ.

"ಬಿಡಿ," ಎಂದೆ.